ಮೂರನೆಯ ಭಾಷೆ

ಹತ್ತು ಹಾಳೆಗಳಿಗೆ ಸರಸರನೆ ಸಹಿ ಹಾಕಿದ ವಿಭಾಗದ ಸಂಯೋಜಕಿ ವೀಣಾಳ ಕೈ ಹನ್ನೊಂದನೆಯದರ ಮೇಲೆ ನಿಂತುಬಿಟ್ಟಿತು. ಬಿ.ಎ. ಜಾಗತಿಕ ಅಧ್ಯಯನ, ಆರನೆಯ ಸೆಮಿಸ್ಟರ್, ಪದವಿ ಪೂರೈಕೆಯ ಪರಿಶೀಲನಾ ಪಟ್ಟಿ. ವಿದ್ಯಾರ್ಥಿನಿ ಭೂಮಿಕಾ ಪಿ., ಭದ್ರಾವತಿ. ಕಡ್ಡಾಯ ಪತ್ರಿಕೆಗಳ ಎದುರು ಸರಿ ಗುರುತು ಇತ್ತು. ನಲವತ್ತು ದಿನಗಳ ಕ್ಷೇತ್ರಕಾರ್ಯದ ಎದುರು ಇತ್ತು. ಅಂತಿಮ ಪ್ರಬಂಧದ ಎದುರು ಸರಿ ಗುರುತಿನ ಜೊತೆಗೆ ವೀಣಾಳದೇ ಕೈಬರಹದಲ್ಲಿ ತೊಂಬತ್ತನಾಲ್ಕು ಎಂಬ ಅಂಕವೂ ಇತ್ತು, ಇಡೀ ತರಗತಿಗೇ ಹೆಚ್ಚಿನದು. ಕೊನೆಯ ಸಾಲಿನ ಎದುರು ಮಾತ್ರ ಏನೂ ಇರಲಿಲ್ಲ: 'ಕನ್ನಡ ಮತ್ತು ಇಂಗ್ಲಿಷ್ ಅಲ್ಲದ ಮತ್ತೊಂದು ಭಾಷೆಯಲ್ಲಿ, ಪದವಿಯ ಅವಧಿಯಲ್ಲಿ ಪಡೆದ ಅರ್ಹತೆ.' ಉಳಿದವರೆಲ್ಲ ಬೆಳಗಿನ ಎಂಟು ಗಂಟೆಯ ಕ್ಲಾಸಿಗೆ ಆಕಳಿಸುತ್ತ ಬಂದು ಹಿಂದಿಯನ್ನೋ ಫ್ರೆಂಚನ್ನೋ ಮುಗಿಸಿಕೊಂಡಿದ್ದರು. ವೀಣಾ ಹಾಳೆಯನ್ನು ತಿರುವಿ ನೋಡಿದಳು, ಬೆನ್ನಿಗೆ ಏನಾದರೂ ಬರೆದಿರಬಹುದು ಎಂಬಂತೆ. ಗೇಟಿನ ಹತ್ತಿರ ಸಿಟಿ ಬಸ್ಸಿನ ಕಂಡಕ್ಟರು ಗೋಪಾಳ, ಗೋಪಾಳ ಎಂದು ಕೂಗುತ್ತಿದ್ದ. ಆ ಕೂಗಿನ ನಡುವೆಯೇ ಅವಳಿಗೆ ಮೂರು ವರ್ಷದ ಹಿಂದಿನ ಕಾರಿಡಾರು ಕಾಣಿಸಿತು.

ಅವತ್ತು ಕೋರ್ಸಿನ ಉದ್ಘಾಟನೆ. ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು, ಅತಿಥಿಗಳ ಜೊತೆಯ ಫೋಟೋ ತಪ್ಪಿಹೋಗುತ್ತದೆಂಬ ಆತಂಕದಲ್ಲಿ ವೀಣಾ ಓಡುತ್ತಿದ್ದಳು. ಎದುರಿಗೆ ಬಂದ ಹುಡುಗಿಯ ಕಿವಿಯ ಹಿಂದೆ ಬೆಳ್ಳಗೆ ಏನೋ ಅಂಟಿತ್ತು. "ಮೇಡಂ, ಭಾಷೆ ಕ್ಲಾಸು ಎಂಟು ಗಂಟೆಗೆ ಅಂತೆ. ನಂಗೆ ಒಂಬತ್ತರ ತನಕ ಮನೇಲಿ ಕೆಲಸ ಇರುತ್ತೆ. ಹತ್ತನೇ ಕ್ಲಾಸ್ ತನಕ ಹಿಂದಿ ಓದಿದ್ದೀನಿ, ಅದು ಸಾಕಾಗುತ್ತಾ?" ಸಾಕು ಕಣೇ, ಆಗುತ್ತೆ ಬಿಡು ಎಂದು ಹೇಳಿ ವೀಣಾ ಮುಂದೆ ಹೋಗಿದ್ದಳು. ನಿಯಮಗಳ ಪುಸ್ತಕ ಬಂದದ್ದು ಅದಾದ ಒಂದು ವಾರಕ್ಕೆ. ಬಂದಮೇಲೂ ಅವಳು ಓದಿದ್ದು ತನ್ನ ಪಾಠಕ್ಕೆ ಬೇಕಾದಷ್ಟನ್ನು. ನಾಲ್ಕು ಪದಗಳು, ಹೇಳುವುದಕ್ಕೆ ಎರಡು ಸೆಕೆಂಡು ಕೂಡ ಹಿಡಿದಿರಲಿಲ್ಲ. ಆ ಫೋಟೋದಲ್ಲಿ ಅವಳು ಕಣ್ಣು ಮುಚ್ಚಿಕೊಂಡಂತೆ ಬಂದಿದ್ದಳು.

ಪ್ರಿನ್ಸಿಪಾಲ್ ರಾಮಚಂದ್ರಪ್ಪನವರು ಹಾಳೆಯನ್ನು ದೂರ ಹಿಡಿದು ನೋಡಿದರು. "ಇದಕ್ಕೆ ಇಷ್ಟು ಮುಖ ಸಣ್ಣ ಮಾಡ್ಕೊಂಡು ಬಂದ್ರಾ? ಒಂದು ಟಿಕ್ ಹಾಕಿ ಮೇಡಂ. ನಿಮ್ಮ ಫಾರಿನ್ ಕೋರ್ಸಿನ ಪಟ್ಟೀನ ಯಾರು ಕೂತ್ಕೊಂಡು ಓದ್ತಾರೆ?" ಅವರು ಕೆಟ್ಟವರಲ್ಲ. ಹುಡುಗಿಗೆ ಹೈದರಾಬಾದಿನಲ್ಲಿ ಎಂ.ಎ. ಸೀಟು ಸಿಕ್ಕಿದೆ, ಜುಲೈ ಹತ್ತರೊಳಗೆ ಪದವಿ ಪೂರೈಸಿದ ಪತ್ರ ಕೊಡಬೇಕು ಎನ್ನುವುದು ಅವರಿಗೂ ಗೊತ್ತಿತ್ತು. ಸೀಟು ಸಿಕ್ಕ ದಿನ ಸ್ಟಾಫ್ ರೂಮಿಗೆಲ್ಲ ಬಾದಾಮಿ ಹಾಲು ತರಿಸಿದ್ದರು. ವಿಶೇಷ ಪರೀಕ್ಷೆಗೆ ಅವಕಾಶ ಇದೆಯಲ್ಲ ಸರ್ ಎಂದಳು ವೀಣಾ. ಇದೆ, ಯಾವ ಭಾಷೆಯಲ್ಲಾದರೂ ಆಗಬಹುದು, ಆದರೆ ಮೂವತ್ತನೇ ತಾರೀಖಿನೊಳಗೆ ಮುಗಿಯಬೇಕು, ಇವತ್ತು ಹದಿನೆಂಟು, ಹಿಂದಿಯಲ್ಲಿ ಅವಳು ಏನು ಬರೀತಾಳೆ ಎಂದು ಅವರು ಕೇಳಿದರು. ಫಾರಿನ್ ಎಂಬ ಪದ ವೀಣಾಳ ಕಿವಿಯಲ್ಲಿ ಉಳಿದುಕೊಂಡಿತ್ತು. ಒಂದು ವಿಚಾರ ಸಂಕಿರಣದಲ್ಲಿ ಪಕ್ಕದ ಕುರ್ಚಿಯವರು, ನೀವು ಯಾವ ಯಾವ ದೇಶ ನೋಡಿದ್ದೀರಿ ಎಂದು ಕೇಳಿದಾಗ ಅವಳ ಬಾಯಿಂದ ನೇಪಾಳ ಎಂದು ಬಂದುಬಿಟ್ಟಿತ್ತು. ನಿಜಕ್ಕೂ ಅವಳ ಮನೆಯವರು ಗಡಿಯ ಈಚೆಯ ಊರಿನವರೆಗೆ ಹೋಗಿ, ಅಪ್ಪನಿಗೆ ಜ್ವರ ಬಂದು, ಅಲ್ಲಿಂದಲೇ ವಾಪಸಾಗಿದ್ದರು. ಆಮೇಲೆ ಪಕ್ಕದ ಕುರ್ಚಿಯವರು ಕಠ್ಮಂಡುವಿನ ಚಳಿಯ ಬಗ್ಗೆ ಕೇಳಿದ್ದರು. ಅವಳು ಚಳಿಯನ್ನೂ ವರ್ಣಿಸಿದ್ದಳು. ಟಿಕ್ ಹಾಕುವುದು ಅದಕ್ಕಿಂತ ಸುಲಭ. ಪೆನ್ನು ಕೈಯಲ್ಲೇ ಇತ್ತು. ಅವಳು ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡು, ಕಪಾಟಿನಿಂದ ಭೂಮಿಕಾಳ ಪ್ರಬಂಧವನ್ನೂ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೋದಳು. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪ್ರಬಂಧವನ್ನು ಅವಳು ಯಾಕೆ ತಂದಳು? ತೊಡೆಯ ಮೇಲಿಟ್ಟುಕೊಂಡಾಗ ಅದರ ಭಾರ ಗೊತ್ತಾಯಿತು, ಅದರೊಂದಿಗೆ ಇನ್ನೊಂದು ಸಂಗತಿಯೂ, ಮೂರು ತಿಂಗಳಿಂದ ತನಗೇ ಹೇಳಿಕೊಳ್ಳದ ಸಂಗತಿ: ಇದನ್ನು ಅವಳು ಪೂರ್ತಿ ಓದಿರಲಿಲ್ಲ. ಮುನ್ನುಡಿ ಓದಿದ್ದಳು, ಕೊನೆಯ ಅಧ್ಯಾಯ ಓದಿದ್ದಳು. ಬೇರೆಯವರೆಲ್ಲ ಇಂಟರ್ನೆಟ್ಟಿನಿಂದ ವ್ಯಾಪಾರ ಒಪ್ಪಂದಗಳ ಬಗ್ಗೆ ಎತ್ತಿ ಬರೆದಿದ್ದಾಗ ಇವಳೊಬ್ಬಳು ತನ್ನೂರಿನ ಕಾರ್ಮಿಕರ ಕಾಲೋನಿಗೆ ಮೂರು ತಲೆಮಾರಿನ ಹಿಂದೆ ವಲಸೆ ಬಂದ ತಮಿಳು ಕುಟುಂಬಗಳ ಬಗ್ಗೆ ಬರೆದಿದ್ದಾಳೆ ಎನ್ನುವುದೇ ಸಾಕಾಗಿತ್ತು, ತೊಂಬತ್ತನಾಲ್ಕು ಹಾಕಿದ್ದಳು. ಸಭೆಯಲ್ಲಿ ಹೊಗಳಿದ್ದಳು ಕೂಡ. ಈಗ ಮಾಚೇನಹಳ್ಳಿ ದಾಟುವ ಹೊತ್ತಿಗೆ ಅನುಬಂಧದ ಪುಟ ತೆರೆದುಕೊಂಡಿತು, ಅರವತ್ತೆರಡು ಪುಟಗಳ ಅನುಬಂಧ. ಅಂಜಲೈ ಪಾಟಿ ಎಂಬ ಎಪ್ಪತ್ತಾರು ವರ್ಷದ ಅಜ್ಜಿಯ ಮಾತುಗಳು. 'ಮೊದಲ ಸಂದರ್ಶನ, ಕನ್ನಡದಲ್ಲಿ, ನಾಲ್ಕು ನಿಮಿಷ' ಎಂದು ಬರೆದು, ಕೆಳಗೆ ಅಜ್ಜಿಯ ಉತ್ತರ: 'ಬಂದ್ವಿ. ಕೆಲಸ ಸಿಕ್ತು. ಇದ್ವಿ. ಅಷ್ಟೇಮ್ಮ.' ಅದರ ಕೆಳಗೆ ಭೂಮಿಕಾಳ ಟಿಪ್ಪಣಿ: 'ಪಾಟಿಗೆ ಕನ್ನಡದಲ್ಲಿ ಅಂಗಡಿಯ ಮಾತಿದೆ, ಬಸ್ಸಿನ ಮಾತಿದೆ. ಹೆತ್ತದ್ದು, ಕಳೆದುಕೊಂಡದ್ದು ತಮಿಳಿನಲ್ಲಿದೆ. ನನ್ನ ಪ್ರಶ್ನೆ ಸರಿಯಿತ್ತು, ಭಾಷೆ ತಪ್ಪಿತ್ತು.' ಮುಂದಿನ ಸಂದರ್ಶನದ ತಾರೀಖು ಒಂದೂವರೆ ವರ್ಷದ ನಂತರದ್ದು. ಅವಧಿ ಮೂರು ಗಂಟೆ ಹತ್ತು ನಿಮಿಷ. ಪುಟದ ಮಧ್ಯೆ ಒಂದು ಗೆರೆ; ಎಡಕ್ಕೆ ಕನ್ನಡ ಅಕ್ಷರದಲ್ಲಿ ತಮಿಳು ಮಾತು, ಬಲಕ್ಕೆ ಕನ್ನಡ. 'ಅಪ್ಪೊ ಎನಕ್ಕು ಪದಿನೊರು ವಯಸು.' ಆಗ ನನಗೆ ಹನ್ನೊಂದು ವರ್ಷ. 'ಮಡಿಲ ಒರು ಪಾನೆ.' ಮಡಿಲಲ್ಲಿ ಒಂದು ಮಡಕೆ. ರೈಲಿನಲ್ಲಿ ಆ ಮಡಕೆ ಒಡೆಯದಂತೆ ಹಿಡಿದುಕೊಂಡು ಕೂತ ಹುಡುಗಿ, ಮಡಕೆಯಲ್ಲಿ ಅಮ್ಮ ಕಟ್ಟಿಕೊಟ್ಟ ಊರಿನ ಹುಣಸೆಹಣ್ಣು, ಹೊಸ ಊರಿನಲ್ಲಿ ಹುಣಸೆ ಸಿಗುತ್ತದೋ ಇಲ್ಲವೋ ಎಂಬ ಅಮ್ಮನ ಭಯ. ಇಳಿದಾಗ ನಿಲ್ದಾಣದ ಹೊರಗೇ ಒಂದು ದೊಡ್ಡ ಹುಣಸೆಮರ ಇತ್ತಂತೆ. ವೀಣಾ ಜೋರಾಗಿ ನಕ್ಕುಬಿಟ್ಟಳು. ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡಿದರು. ಒಂದೂವರೆ ವರ್ಷ ಈ ಹುಡುಗಿ, ಎಂಟು ಗಂಟೆಯ ಕ್ಲಾಸಿಗೆ ಬರಲಾಗದೆ, ಯಾರೂ ಕೇಳದೆ, ಯಾವ ಕ್ರೆಡಿಟ್ಟೂ ಇಲ್ಲದೆ, ಒಬ್ಬ ಮುದುಕಿಯ ಹತ್ತಿರ ಕೂತು ಒಂದು ಭಾಷೆಯನ್ನು ಕಲಿತಿದ್ದಾಳೆ. ನಾನು ಆ ಪುಟಗಳನ್ನು ತಿರುವಿಯೂ ನೋಡದೆ ಮೆಚ್ಚಿದ್ದೇನೆ, ಎಂದುಕೊಂಡಳು.

ಭೂಮಿಕಾಳ ಅಪ್ಪ ಪುಟ್ಟಯ್ಯನ ಹಿಟ್ಟಿನ ಗಿರಣಿ ಕಾಲೋನಿಯ ಮೂಲೆಯಲ್ಲಿತ್ತು. ಮೆಷಿನ್ನಿನ ಸದ್ದಿಗೆ ನೆಲವೇ ಅದುರುತ್ತಿತ್ತು. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿದ್ದ ಪುಟ್ಟಯ್ಯ ವೀಣಾಳನ್ನು ಕಂಡು ಗಾಬರಿಯಿಂದ ಮೆಷಿನ್ನು ನಿಲ್ಲಿಸಿದ. ಇದ್ದೊಂದು ಸ್ಟೂಲನ್ನು ಅಂಗಿಯ ತುದಿಯಿಂದ ಒರೆಸಿ ಮುಂದಿಟ್ಟ. "ಕೂತ್ಕೊಳಿ ಮೇಡಮ್ಮೋರೆ. ಸೀರೆಗೆ ಹಿಟ್ಟಾಗುತ್ತೆ, ನೋಡ್ಕೊಳಿ." ಭೂಮಿಕಾ ರಾಗಿಯ ಡಬ್ಬಿಯನ್ನು ತಕ್ಕಡಿಯಿಂದ ಇಳಿಸಿ ಬಂದಳು. ಅವಳ ಕಿವಿಯ ಹಿಂದಿನ ಬಿಳುಪು ಏನೆಂದು ವೀಣಾಳಿಗೆ ಮೂರು ವರ್ಷದಲ್ಲಿ ಮೊದಲ ಸಲ ಅರ್ಥವಾಯಿತು. ವೀಣಾ ಹಾಳೆಯನ್ನು ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು.

ಭೂಮಿಕಾ ಎರಡು ಸಲ ಓದಿದಳು. "ನೀವು ಹೇಳಿದ್ರಲ್ಲ ಮೇಡಂ, ಆಗುತ್ತೆ ಅಂತ."

"ಹೇಳಿದ್ದೆ. ತಪ್ಪು ಹೇಳಿದ್ದೆ. ನಿಯಮ ನೋಡದೆ ಹೇಳ್ಬಿಟ್ಟೆ."

"ಹಂಗಾದ್ರೆ ಮೂರು ವರ್ಷ ಓದಿದ್ದು?" ಎಂದ ಪುಟ್ಟಯ್ಯ. ಜಗಳದ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದ. ಓದಿದ್ದೆಲ್ಲ ಇದೆ, ಇದೊಂದು ಉಳಿದಿದೆ, ಇದಾಗದಿದ್ದರೆ ಮುಂದಿನ ವರ್ಷದ ತನಕ ಪದವಿ ಸಿಗುವುದಿಲ್ಲ ಎಂದು ವೀಣಾ ನೆಲ ನೋಡುತ್ತ ಹೇಳಿದಳು. ಆಮೇಲೆ, ಹೇಳಬಾರದೆಂದುಕೊಂಡಿದ್ದನ್ನೂ ಹೇಳಿದಳು. "ಪ್ರಿನ್ಸಿಪಾಲರು ಟಿಕ್ ಹಾಕಿಬಿಡಿ ಅಂತಾರೆ. ಹಿಂದಿ ಅಂತ ಬರೆದು... ನೀನು ಹೂಂ ಅಂದ್ರೆ..."

ಭೂಮಿಕಾಳ ಕಣ್ಣು ವೀಣಾಳ ತೊಡೆಯ ಮೇಲಿದ್ದ ಪ್ರಬಂಧಕ್ಕೆ ಹೋಯಿತು. ಅನುಬಂಧದ ನಡುವೆ ಬಸ್ ಟಿಕೆಟ್ಟು ಸಿಕ್ಕಿಸಿದ್ದ ಜಾಗಕ್ಕೆ. "ಮೇಡಂ, ಒಂದು ಕೇಳ್ತೀನಿ. ಇದನ್ನ ಮಾರ್ಕ್ಸ್ ಹಾಕುವಾಗ ಓದಿದ್ರಾ?"

"ಇಲ್ಲ," ಎಂದಳು ವೀಣಾ. "ಇವತ್ತು ಬಸ್ಸಲ್ಲಿ ಓದಿದೆ."

ಮೆಷಿನ್ನಿನ ಬೆಲ್ಟಿನಿಂದ ಉದುರುತ್ತಿದ್ದ ಹಿಟ್ಟು ಬೆಳಕಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಹುಡುಗಿ ಮುಖವನ್ನು ಅತ್ತ ತಿರುಗಿಸಿದಳು. ಅಳುತ್ತಾಳೆ ಎಂದುಕೊಂಡಳು ವೀಣಾ. ಅತ್ತರೆ ಸಮಾಧಾನ ಮಾಡಬಹುದು ಎಂದು ಆಸೆಯನ್ನೂ ಪಟ್ಟಳು, ಮತ್ತು ಆ ಆಸೆಗೆ ನಾಚಿದಳು. ಭೂಮಿಕಾ ಅಳಲಿಲ್ಲ. "ನಂಗೆ ಸಿಟ್ಟು ಬಂದಿದೆ ಮೇಡಂ. ಅದನ್ನ ಆಮೇಲೆ ಮಾತಾಡ್ತೀನಿ. ಟಿಕ್ ಬೇಡ. ಭಾಷೆ ಬಗ್ಗೆ ಅಷ್ಟುದ್ದ ಬರೆದು, ಬರದೆ ಇರೋ ಹಿಂದೀನ ಬರುತ್ತೆ ಅಂತ ಹಾಕ್ಕೊಂಡು ಹೋದ್ರೆ ಪಾಟಿ ಮುಖ ಹೆಂಗೆ ನೋಡ್ಲಿ?"

"ತಮಿಳಲ್ಲಿ ಪರೀಕ್ಷೆ ತಗೋ ಮಾರಾಯ್ತಿ. ಅವಕಾಶ ಇದೆ."

"ಮಾತಾಡ್ತೀನಿ. ಓದಕ್ಕೆ ಬರಲ್ಲ. ಒಂದಕ್ಷರ ಗೊತ್ತಿಲ್ಲ. ಪಾಟಿಗೂ ಓದಕ್ಕೆ ಬರಲ್ಲ." ಸ್ವಲ್ಪ ಹೊತ್ತು ಬೆರಳಿನಿಂದ ತಕ್ಕಡಿಯ ತಟ್ಟೆಯ ಹಿಟ್ಟಿನಲ್ಲಿ ಗೆರೆ ಎಳೆದಳು. "ಎಷ್ಟು ದಿನ ಇದೆ?"

"ಹನ್ನೆರಡು."

"ತಮಿಳಲ್ಲಿ ಅಕ್ಷರ ಕಮ್ಮಿ ಅಂತೆ ಮೇಡಂ. ಖ ಇಲ್ವಂತೆ, ಘ ಇಲ್ವಂತೆ," ಎಂದು ಭೂಮಿಕಾ ತನಗೇ ಎಂಬಂತೆ ಹೇಳಿ, ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಮೂವತ್ತರ ತನಕ ಬೆಳಿಗ್ಗೆ ನೀನೊಬ್ನೇ ನೋಡ್ಕೋಬೇಕು."

"ನೋಡ್ಕೋತೀನಿ ಹೋಗು," ಎಂದ ಪುಟ್ಟಯ್ಯ, ಮೆಷಿನ್ನು ಶುರು ಮಾಡುತ್ತ.

ಮಾರನೆಯ ದಿನ ವೀಣಾ ವಿಶೇಷ ಪರೀಕ್ಷೆಗೆ ಅರ್ಜಿ ಬರೆದಳು. ಕಾರಣ ಎಂಬ ಸಾಲಿನಲ್ಲಿ, ವಿಭಾಗದ ಸಂಯೋಜಕಿಯಾದ ನಾನು ವಿದ್ಯಾರ್ಥಿನಿಗೆ ತಪ್ಪು ಮಾಹಿತಿ ಕೊಟ್ಟಿದ್ದರಿಂದ, ಎಂದು ಬರೆದಳು. ಬರೆದಮೇಲೆ, ಜ್ವರ ಬಿಟ್ಟ ಬೆಳಿಗ್ಗೆ ಆಗುವಂತೆ, ಹಸಿವಾಯಿತು. ರಾಮಚಂದ್ರಪ್ಪನವರು ಕನ್ನಡಕ ತೆಗೆದರು. "ಇದನ್ನೆಲ್ಲ ಬರವಣಿಗೇಲಿ ಯಾಕೆ ಕೊಡ್ತೀರಿ? ನಾಳೆ ನಿಮಗೇ ಮೆಮೊ ಕೊಡಬೇಕಾಗುತ್ತೆ ನಾನು." ಕೊಡಿ ಸರ್ ಎಂದಳು. ಅವರು ಕೊಟ್ಟರು. ಪರೀಕ್ಷಕರನ್ನು ಹುಡುಕಿಕೊಟ್ಟವರೂ ಅವರೇ. ತಮಿಳು ಕಲಿಸಿ ನಿವೃತ್ತರಾದ ಮಾಣಿಕ್ಕಂ ಎಂಬ ಮೇಷ್ಟ್ರಿಗೆ ತಾವೇ ಫೋನು ಮಾಡಿ ಒಪ್ಪಿಸಿದರು. ಆ ದಿನಗಳಲ್ಲಿ ವೀಣಾ ಕೋಟೆಯ ಬೀದಿಯಲ್ಲಿ ತರಕಾರಿ ಕೊಳ್ಳುವಾಗಲೂ ಅಂಗಡಿಗಳ ಬೋರ್ಡುಗಳನ್ನು ಬೇರೆ ರೀತಿ ನೋಡಿದಳು: ಈ ಸುರುಳಿಗಳು, ಈ ಕೊಂಬುಗಳು ಏನೂ ಗೊತ್ತಿಲ್ಲದವರ ಕಣ್ಣಿಗೆ ಹೇಗೆ ಕಾಣುತ್ತವೆ? ಎಷ್ಟು ದಿನ ಬೇಕಾಗುತ್ತದೆ?

ಒಂಬತ್ತನೆಯ ದಿನ ಅವಳು ಅಂಜಲೈ ಪಾಟಿಯ ಮನೆಗೆ ಹೋದಳು. ಹೆಂಚಿನ ಎರಡು ಕೋಣೆಯ ಮನೆ, ಹೊಸ್ತಿಲ ಮೇಲೆ ಕೂತು ಮುದುಕಿ ಎಲೆ ಅಡಿಕೆ ಹಾಕುತ್ತಿದ್ದಳು. ಒಳಗೆ ಭೂಮಿಕಾಳ ಸುತ್ತ ಚಾಪೆಯ ಮೇಲೆ ಹಳೆಯ ಇನ್‌ಲ್ಯಾಂಡ್ ಲೆಟರುಗಳು ಹರಡಿದ್ದವು. ಫೋನಿನಲ್ಲಿ ಅಕ್ಷರಮಾಲೆ ನೋಡಿ ಕಲಿತ ಹುಡುಗಿಗೆ ಮದುವೆ ಕಾಗದ, ಕ್ಯಾಲೆಂಡರು, ಔಷಧಿ ಚೀಟಿ, ಓದುವುದಕ್ಕೆ ಸಿಕ್ಕಿದ್ದೆಲ್ಲ ಮುಗಿದ ಮೇಲೆ ಪಾಟಿಯೇ ಟ್ರಂಕಿನಿಂದ ಇವನ್ನು ತೆಗೆದುಕೊಟ್ಟಳಂತೆ. ಊರಿನಲ್ಲಿದ್ದ ತಂಗಿ ಯಾರಿಂದಲೋ ಬರೆಸಿ ಕಳಿಸುತ್ತಿದ್ದದ್ದು. ಪಾಟಿಯ ಗಂಡ ಒಂದೊಂದು ಸಲ ಓದಿ ಹೇಳಿದ್ದ. ಗಂಡ ಹೋಗಿ ಹದಿನೆಂಟು ವರ್ಷ, ತಂಗಿಯೂ ಇಲ್ಲ. ಮಕ್ಕಳು ಮೊಮ್ಮಕ್ಕಳೆಲ್ಲ ಕನ್ನಡ ಶಾಲೆಗೆ ಹೋದವರು. ಅಂದಿನಿಂದ ಈ ಕಾಗದಗಳನ್ನು ಓದಿದವರಿಲ್ಲ. ಭೂಮಿಕಾ ಒಂದನ್ನು ಮಂಡಿಯ ಮೇಲಿಟ್ಟುಕೊಂಡು, ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತ, ತಡವರಿಸಿ, ನಿಂತು, ಹಿಂದಕ್ಕೆ ಹೋಗಿ ಓದುತ್ತಿದ್ದಳು. ಒಂದು ಪದ ಅರ್ಧಕ್ಕೆ ಬಂದಾಗ ಪಾಟಿ ಹೊಸ್ತಿಲಿನಿಂದಲೇ ಉಳಿದರ್ಧವನ್ನು ಹೇಳುತ್ತಿದ್ದಳು. ಬೇಡ ಎನ್ನುವಂತೆ ಭೂಮಿಕಾ ಕೈ ಅಲ್ಲಾಡಿಸುತ್ತಿದ್ದಳು. ಮುಕ್ಕಾಲು ಗಂಟೆಯಾಯಿತು ಒಂದು ಕಾಗದಕ್ಕೆ. ಕೊನೆಗೆ ಮುದುಕಿ ಎಲೆಯ ರಸ ಗಲ್ಲಕ್ಕೆ ಇಳಿಯುವಂತೆ ನಗತೊಡಗಿದಳು, ನಗುತ್ತ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು. "ಏನಂತೆ?" ಎಂದಳು ವೀಣಾ. "ಮೇಕೆ ಮೂರು ಮರಿ ಹಾಕಿದೆಯಂತೆ ಮೇಡಂ. ಅದ್ರಲ್ಲಿ ಒಂದು ಬಲೇ ಹಟಮಾರಿಯಂತೆ. ಅದಕ್ಕೆ ಅಂಜಲೈ ಅಂತ ಹೆಸರಿಟ್ಟಿದ್ದಾರಂತೆ." ಭೂಮಿಕಾಳ ಕಣ್ಣಿನ ಕೆಳಗೆ ಕಪ್ಪಾಗಿತ್ತು, ತುಟಿ ಒಡೆದಿತ್ತು. ಅವಳನ್ನು ನೋಡುತ್ತ ವೀಣಾಳಿಗೆ, ಪದವಿ ಎಂದರೆ ಏನೇನು ಪೂರೈಸಬೇಕು ಎಂದು ಬರೆದಿಟ್ಟ ಪಟ್ಟಿಯನ್ನು ಯಾರೋ ತಿಳಿದವರೇ ಬರೆದಿದ್ದಾರೆ ಅನ್ನಿಸಿತು. ಇಷ್ಟು ವರ್ಷ ಅದನ್ನು ಅವಳು ಗುಮಾಸ್ತೆಯ ಹಾಗೆ ತುಂಬಿಸುತ್ತ ಬಂದಿದ್ದಳು; ಆ ಕೊನೆಯ ಸಾಲು ಕೇಳುತ್ತಿದ್ದದ್ದು ಇದನ್ನು, ಇಲ್ಲಿ ಈ ಚಾಪೆಯ ಮೇಲೆ ನಡೆಯುತ್ತಿರುವುದನ್ನು.

ಇಪ್ಪತ್ತೊಂಬತ್ತನೇ ತಾರೀಖು ಮಾಣಿಕ್ಕಂ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದರು. ನಿಯಮದಂತೆ ಸಂಯೋಜಕಿ ಎದುರಿಗಿರಬೇಕು. ವೀಣಾ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಳು. ಮೇಷ್ಟ್ರು ತಮಿಳು ಪೇಪರಿನ ಒಂದು ತುಂಡನ್ನು ಮುಂದಿಟ್ಟರು. ಭೂಮಿಕಾ ಓದಿದಳು. ಮೇಕೆಯ ಕಾಗದದಷ್ಟು ನಿಧಾನವಿರಲಿಲ್ಲ, ಆದರೂ ನಿಧಾನವೇ. ಒಂದು ಕಡೆ ಸಿಕ್ಕಿಬಿದ್ದಳು. ಮತ್ತೆ ಓದಿದಳು, ಮತ್ತೆ ಅಲ್ಲೇ ಸಿಕ್ಕಿಬಿದ್ದಳು. ಮೇಷ್ಟ್ರ ಪೆನ್ನು ಏನನ್ನೋ ಗುರುತು ಹಾಕಿಕೊಂಡಿತು. ಐದು ಸಾಲು ಬರೆಯಲು ಹೇಳಿದರು; ಹುಡುಗಿ ಒಂದನೇ ಕ್ಲಾಸಿನ ಮಕ್ಕಳಂತೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ, ನಾಲಿಗೆ ಕಚ್ಚಿಕೊಂಡು ಬರೆದಳು. ಅದನ್ನು ನೋಡಿ ಮೇಷ್ಟ್ರು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಆಮೇಲೆ ಮಾತು ಶುರುವಾಯಿತು. ಎರಡನೆಯ ಉತ್ತರಕ್ಕೇ ಮೇಷ್ಟ್ರು ಪೆನ್ನು ಕೆಳಗಿಟ್ಟರು, ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಇವಳು ಕೈ ಬೀಸಿ ಏನೋ ಹೇಳಿದಳು, ಅವರು ಮತ್ತೇನೋ ಕೇಳಿದರು, ಇಬ್ಬರೂ ಒಟ್ಟಿಗೆ ನಕ್ಕರು. ಹತ್ತು ನಿಮಿಷದ ಮಾತು ನಲವತ್ತು ನಿಮಿಷವಾಯಿತು. ಜಗತ್ತನ್ನು ಕಲಿಸುವವಳೆಂದು ಸಂಬಳ ತೆಗೆದುಕೊಳ್ಳುವ ವೀಣಾ ಗೋಡೆಗೆ ಒರಗಿ, ಒಂದು ಪದವೂ ತಿಳಿಯದೆ ಕೂತಿದ್ದಳು. ಮೊದಲಾಗಿದ್ದರೆ ಅದು ಅವಮಾನವೆನಿಸುತ್ತಿತ್ತು. ಈಗ ತನ್ನ ವಿದ್ಯಾರ್ಥಿನಿ ತನಗೆ ಕಾಣದ ಕಡೆ ಆರಾಮಾಗಿ ಓಡಾಡುತ್ತಿರುವುದನ್ನು ಕೇಳುತ್ತ ಇರುವುದೇ ಸುಖವಾಗಿತ್ತು.

"ಓದು ಸುಮಾರು, ಬರವಣಿಗೆ ಪಾಸು," ಎಂದರು ಮೇಷ್ಟ್ರು ಕನ್ನಡದಲ್ಲಿ, ವೀಣಾಳ ಕಡೆ ತಿರುಗಿ. "ಮಾತಿಗೆ ನಾನೇನು ಮಾರ್ಕ್ಸ್ ಹಾಕ್ಲಿ ಮೇಡಂ? ನಮ್ಮಜ್ಜಿ ಹಿಂಗೆ ಮಾತಾಡ್ತಿದ್ರು. ಈ ಮಾತು ಈಗ ನಮ್ಮ ಊರಲ್ಲೂ ಸಿಗಲ್ಲ. ಈ ಹುಡುಗಿಗೆ ಎಲ್ಲಿ ಸಿಕ್ತು?" ಉತ್ತರಕ್ಕೆ ಕಾಯದೆ, ಅರ್ಹತೆ ಪೂರೈಸಿದೆ ಎಂದು ಬರೆದು ಸಹಿ ಹಾಕಿದರು. ವೀಣಾ ಅದರ ಕೆಳಗೆ ತನ್ನ ಸಹಿ ಹಾಕಿದಳು.

ಹೊರಗೆ ಬರುವಾಗ ಭೂಮಿಕಾ ಬಾಗಿಲಲ್ಲಿ ನಿಂತಳು. "ಸಿಟ್ಟು ಇನ್ನೂ ಇದೆ ಮೇಡಂ. ಪೂರ್ತಿ ಹೋಗಿಲ್ಲ."

"ಇರಲಿ," ಎಂದಳು ವೀಣಾ. "ಅನುಬಂಧ ಎಲ್ಲಾ ಓದಿದೆ. ಎರಡು ಸಲ."

ಭೂಮಿಕಾ ಒಂದು ಕ್ಷಣ ಅವಳ ಮುಖ ನೋಡಿದಳು, ತಲೆಯಾಡಿಸಿದಳು. ಕಾರಿಡಾರಿನ ಬೆಂಚಿನ ಮೇಲೆ ಪುಟ್ಟಯ್ಯ, ಅವನ ಪಕ್ಕದಲ್ಲಿ ಅಂಜಲೈ ಪಾಟಿ. ಪುಟ್ಟಯ್ಯ ಮಗಳ ಮುಖ ನೋಡಿಯೇ ಎದ್ದು ನಿಂತ. ಪಾಟಿ ಮಾತ್ರ ಹುಡುಗಿಯನ್ನು ಏನೂ ಕೇಳಲಿಲ್ಲ; ಗುರುಗಳ ಬಾಯಿಂದಲೇ ಕೇಳಬೇಕೆಂಬಂತೆ ವೀಣಾಳತ್ತ ಕತ್ತೆತ್ತಿ, "ಪೊಣ್ಣು ನಲ್ಲಾ ಪೇಸಿಚ್ಚಾ?" ಎಂದಳು.

ವೀಣಾ ಅಭ್ಯಾಸದಂತೆ ಭೂಮಿಕಾಳ ಕಡೆ ನೋಡಿದಳು. ಭೂಮಿಕಾ ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ಪಾಟಿ ಅದನ್ನೇ ಇನ್ನೊಂದು ಸಲ, ಪದ ಪದ ಬಿಡಿಸಿ ಕೇಳಿದಳು. ಬಸ್ಸಿನಲ್ಲಿ, ಮನೆಯಲ್ಲಿ, ಅನುಬಂಧದ ಎಡಗಡೆಯ ಸಾಲುಗಳನ್ನು ಬೆರಳಿಟ್ಟು ಓದಿದ್ದು ಎಲ್ಲಿಂದಲೋ ತುದಿ ತೋರಿಸಿತು. ಪೊಣ್ಣು, ಹುಡುಗಿ. ನಲ್ಲಾ, ಚೆನ್ನಾಗಿ. ಪೇಸು, ಮಾತಾಡು.

"ನಲ್ಲಾ," ಎಂದಳು ವೀಣಾ. ಮುಂದಿನ ಪದಕ್ಕೆ ಬಾಯಿ ತಡಕಾಡಿತು. "ನಲ್ಲಾ ಪೇಸಿ..."

"ಪೇಸಿಚ್ಚು," ಎಂದಳು ಪಾಟಿ.

"ನಲ್ಲಾ ಪೇಸಿಚ್ಚು."

"ಇನ್ನೊಂದ್ಸಲ ಹೇಳಿ ಮೇಡಂ," ಎಂದಳು ಭೂಮಿಕಾ. "ನೆಲ ನೋಡ್ಕೊಂಡು ಹೇಳ್ಬೇಡಿ, ಅವ್ರ ಮುಖ ನೋಡಿ ಹೇಳಿ."

ವೀಣಾ ಮುಖ ಎತ್ತಿ, ಮುದುಕಿಯನ್ನು ನೋಡುತ್ತ, ಇನ್ನೊಂದು ಸಲ ಹೇಳಿದಳು.